ಗುಡ್ಡಕ್ಕೆ ಫ್ಯಾನು ಬರುವ ಮೊದಲು

15 ಜೂನ್ 2025, ಭಾನುವಾರ

ಸಭೆ ಮುಗಿಸಿ ಬಂದು ಕೂತಿದ್ದೇನೆ. ಮನಸ್ಸು ಇನ್ನೂ ಅಲ್ಲೇ ಇದೆ. ಗುಡ್ಡದ ಸಾಲಿನ ಮೇಲೆ ಪವನ ವಿದ್ಯುತ್ ಯಂತ್ರಗಳನ್ನು ನಿಲ್ಲಿಸುವ ಯೋಜನೆಯ ಬಗ್ಗೆ ಕಂಪನಿಯವರು ಕರೆದಿದ್ದ ಸಭೆ ಅದು. ಊರಿನವರ ಅಭಿಪ್ರಾಯ ತಿಳಿಯಲು ಕರೆದಿದ್ದೇವೆ ಅಂದರು. ಆದರೆ ನಕ್ಷೆ ಆಗಲೇ ಗೋಡೆಗೆ ಅಂಟಿತ್ತು, ಒಂದೊಂದು ಯಂತ್ರಕ್ಕೂ ನಂಬರು ಬಿದ್ದಿತ್ತು, ಕೆಲವು ಜಮೀನುಗಳ ಲೀಸಿಗೆ ಸಹಿಯೂ ಆಗಿಹೋಗಿತ್ತು. ಎಲ್ಲ ತೀರ್ಮಾನ ಮಾಡಿಕೊಂಡು ಬಂದವರ ಎದುರು ನಮ್ಮ ಅಭಿಪ್ರಾಯಕ್ಕೆ ಎಲ್ಲಿದೆ ಜಾಗ?

ನಾನು ಗಾಳಿ ವಿದ್ಯುತ್ತಿನ ಪರ ಇರುವವಳು. ಕಲ್ಲಿದ್ದಲು ಸುಡುವುದು ಕಡಿಮೆಯಾಗಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೂ ಇವತ್ತು ವಿರೋಧಿಸುವವರ ಜೊತೆ ಕೂತೆ, ಮುಂದೆಯೂ ಅಲ್ಲೇ ಕೂರುತ್ತೇನೆ. ಈ ಎರಡೂ ಒಟ್ಟಿಗೆ ಹೇಗೆ ಸಾಧ್ಯ ಎಂದು ಪಕ್ಕದಲ್ಲಿದ್ದ ಹುಡುಗ ಕೇಳಿದ. ಅವನಿಗೆ ಅಲ್ಲಿ ಪೂರ್ತಿ ಹೇಳಲು ಆಗಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದು ಲೀಸಿನ ವಿಷಯ. ಯಂತ್ರದ ಬುಡ ಯಾರ ಹೊಲದಲ್ಲಿ ಬರುತ್ತದೋ ಅವರಿಗೆ ವರ್ಷ ವರ್ಷ ಬಾಡಿಗೆ. ರಸ್ತೆ, ತಂತಿ ಹಾದುಹೋಗುವ ಹೊಲದವರಿಗೆ ಒಂದಿಷ್ಟು. ಸದ್ದು, ನೆರಳು ಮಾತ್ರ ಬದುವಿನಲ್ಲಿ ನಿಲ್ಲುವುದಿಲ್ಲ, ಆಚೆ ಮನೆಯವರಿಗೂ ಹೋಗುತ್ತದೆ. ಅವರ ಕೈಗೆ ಬರುವುದು ಏನೂ ಇಲ್ಲ. ಜಮೀನೇ ಇಲ್ಲದೆ ಗುಡ್ಡದ ಹುಲ್ಲು ನಂಬಿ ಕುರಿ ಮೇಯಿಸುವವರ ಹೆಸರು ಯಾವ ಕರಾರಿನಲ್ಲೂ ಇಲ್ಲ. ಸಹಿ ಹಾಕಿದವರೊಬ್ಬರು ಇವತ್ತು ಸಭೆಯ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಮಳೆ ಕೈಕೊಟ್ಟ ವರ್ಷವೂ ತಪ್ಪದೆ ಬರುವ ಹಣವನ್ನು ಬೇಡ ಅನ್ನಲು ಎಷ್ಟು ಜನರಿಗೆ ಆಗುತ್ತದೆ? ಒಬ್ಬೊಬ್ಬರನ್ನೇ ಮನೆಯಲ್ಲಿ ಕಂಡು, ಕರಾರಿನ ವಿಷಯ ಯಾರಿಗೂ ಹೇಳಬೇಡಿ ಎಂದು ಸಹಿ ಹಾಕಿಸಿಕೊಂಡ ರೀತಿಯ ಮೇಲೆ ನನ್ನ ಸಿಟ್ಟು. ಯಂತ್ರ ಬರುವ ಮೊದಲೇ ಅಕ್ಕಪಕ್ಕದ ಮನೆಗಳಲ್ಲಿ ಮಾತು ನಿಂತಿದೆ.

ಎರಡನೆಯದು ಸದ್ದು. ಕಂಪನಿಯವರು ಕೆಲವರನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಹೋಗಿ, ಓಡುತ್ತಿರುವ ಫ್ಯಾನಿನ ಬುಡದಲ್ಲೇ ನಿಲ್ಲಿಸಿ, ‘ನೋಡಿ, ಎಲ್ಲಿದೆ ಸದ್ದು?’ ಅಂದಿದ್ದರಂತೆ. ಅದನ್ನು ಇವತ್ತು ಮತ್ತೆ ಹೇಳಿದಾಗ ಮುಂದೆ ಕೂತಿದ್ದ ಅಜ್ಜಿ ಎದ್ದು ನಿಂತು, ‘ಹಗಲು ಹೊತ್ತಲ್ಲಿ ಕರ್ಕೊಂಡು ಹೋಗಿದ್ರಿ ಸಾರ್. ಒಂದು ರಾತ್ರಿ ಅಲ್ಲೇ ಮಲಗಿಸಿ ನೋಡಾಣ’ ಅಂದರು. ಅಧಿಕಾರಿ ನಕ್ಕು ಮುಂದಿನ ಸ್ಲೈಡ್ ಹಾಕಿದರು. ಅಜ್ಜಿ ಹೇಳಿದ್ದರಲ್ಲಿ ವಿಜ್ಞಾನವಿದೆ. ರಾತ್ರಿ ನೆಲ ತಣ್ಣಗಾದ ಮೇಲೆ ಮನೆ ಮಟ್ಟದಲ್ಲಿ ಗಾಳಿ ಹೆಚ್ಚುಕಡಿಮೆ ನಿಂತುಬಿಡುತ್ತದೆ. ನೂರು ಮೀಟರ್ ಮೇಲೆ ಅದು ಬೀಸುತ್ತಲೇ ಇರುತ್ತದೆ. ಹಗಲಿನಲ್ಲಿ ಸದ್ದನ್ನು ಮುಚ್ಚುವ ಎಲೆಯ ಸರಸರ, ಜನರ ಮಾತು, ವಾಹನದ ಓಡಾಟ ಆಗ ಇರುವುದಿಲ್ಲ. ರೆಕ್ಕೆ ಒಂದೊಂದು ಸಲ ಕೆಳಗೆ ಬಂದಾಗಲೂ ಏಳುವ ‘ಹುಶ್’ ಎಂಬ ಏರಿಳಿತ ಬಿಡಿಬಿಡಿಯಾಗಿ ಕೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 2018ರಲ್ಲಿ, ಹಗಲು, ಸಂಜೆ, ರಾತ್ರಿ ಸೇರಿದ ಸರಾಸರಿಯಲ್ಲಿ ಗಾಳಿಯಂತ್ರದ ಸದ್ದು 45 ಡೆಸಿಬೆಲ್ ದಾಟದಿರಲಿ ಎಂದು ಹೇಳಿತು. ರಾತ್ರಿಗೆಂದೇ ಬೇರೆ ಮಿತಿ ಹೇಳಲು ಸಾಕಷ್ಟು ಪುರಾವೆ ಇಲ್ಲ ಎಂದೂ ಅದರಲ್ಲೇ ಇದೆ. ಪುರಾವೆ ಇಲ್ಲ ಅಂದರೆ ತೊಂದರೆ ಇಲ್ಲ ಎಂದು ಓದಿಕೊಳ್ಳುವುದು ಸರಿಯಲ್ಲ. ಅಳೆಯುವ ಕೆಲಸ ಬಾಕಿ ಇದೆ, ಅಷ್ಟೇ.

ನೆರಳಿಗೂ ಲೆಕ್ಕ ಇಡುವ ದೇಶಗಳಿವೆ. ಸೂರ್ಯ ಕೆಳಗಿರುವ ಹೊತ್ತಿನಲ್ಲಿ ತಿರುಗುವ ರೆಕ್ಕೆಯ ನೆರಳು ಕಿಟಕಿಯಿಂದ ಒಳಗೆ ಬಂದು ಗೋಡೆ ಮೇಲೆ ಮಿಣಮಿಣ ಆಡುತ್ತದೆ. ಜರ್ಮನಿಯಲ್ಲಿ ಒಂದು ಮನೆಗೆ ಇದು ವರ್ಷಕ್ಕೆ 30 ಗಂಟೆ, ದಿನಕ್ಕೆ 30 ನಿಮಿಷ ದಾಟಬಾರದು ಎಂಬ ಮಾನದಂಡವಿದೆ. ಇಲ್ಲಿ ಆ ಪ್ರಶ್ನೆ ಕೇಳಿದ್ದಕ್ಕೆ ‘ನೋಟ್ ಮಾಡ್ಕೊಂಡಿದೀವಿ ಮೇಡಂ’ ಎಂಬ ಉತ್ತರ ಬಂತು.

ನನ್ನನ್ನು ಹೆಚ್ಚು ಕಾಡುವುದು ರಸ್ತೆ. ಎಲ್ಲರೂ ಕಂಬದ ಎತ್ತರ ನೋಡುತ್ತಾರೆ. ಐವತ್ತು ಅರವತ್ತು ಮೀಟರ್ ಉದ್ದದ ರೆಕ್ಕೆಯನ್ನು ಹೊತ್ತ ಲಾರಿ ಗುಡ್ಡ ಹತ್ತಬೇಕಾದರೆ ತಿರುವುಗಳನ್ನೆಲ್ಲ ಕಡಿದು ಅಗಲ ಮಾಡಬೇಕು. ಕಡಿದ ಮಣ್ಣು ಇಳಿಜಾರಿಗೆ ಬೀಳುತ್ತದೆ, ಮಳೆ ಬಂದಾಗ ಹಳ್ಳಕ್ಕೆ ಇಳಿಯುತ್ತದೆ. ಐರ್ಲೆಂಡಿನ ಡೆರಿಬ್ರಿಯನ್ ಎಂಬಲ್ಲಿ 2003ರ ಅಕ್ಟೋಬರಿನಲ್ಲಿ, ಗಾಳಿಯಂತ್ರದ ಕಾಮಗಾರಿ ನಡೆಯುತ್ತಿದ್ದಾಗಲೇ ಜೌಗು ಮಣ್ಣಿನ ಗುಡ್ಡ ಕುಸಿದು ಹೊಳೆಗೆ ಹರಿಯಿತು, ಸಾವಿರಾರು ಮೀನು ಸತ್ತವು. ಪರಿಸರ ಪರಿಣಾಮದ ಅಧ್ಯಯನ ಸರಿಯಾಗಿ ಆಗಿರಲಿಲ್ಲ ಎಂದು ಯುರೋಪಿನ ನ್ಯಾಯಾಲಯ 2019ರಲ್ಲಿ ಆ ದೇಶಕ್ಕೆ 50 ಲಕ್ಷ ಯೂರೋ ದಂಡ ಹಾಕಿತು, ಸರಿಪಡಿಸುವವರೆಗೆ ದಿನಕ್ಕೆ 15,000 ಯೂರೋ ಬೇರೆ. ಭಾರತದಲ್ಲಿ ಆ ಅಧ್ಯಯನದ ಮಾತೇ ಏಳುವುದಿಲ್ಲ. ಯಾವ ಯೋಜನೆಗೆ ಅದು ಕಡ್ಡಾಯ ಎಂದು ಹೇಳುವ ಕೇಂದ್ರ ಸರ್ಕಾರದ 2006ರ ಅಧಿಸೂಚನೆಯ ಪಟ್ಟಿಯಲ್ಲಿ ಪವನ ವಿದ್ಯುತ್ ಇಲ್ಲ. ಹೊಗೆ ಇಲ್ಲದ ಉದ್ಯಮ, ಸರಿ. ಆದರೆ ಗುಡ್ಡ ಕಡಿಯದ ಉದ್ಯಮವಲ್ಲ.

ಹಕ್ಕಿಗಳ ಬಗ್ಗೆ ಮಾತಾಡಿದಾಗ ಸಭೆಯಲ್ಲಿ ಯಾರೋ ನಕ್ಕರು. ಸಾತಾರಾ ಜಿಲ್ಲೆಯ ಚಾಳಕೇವಾಡಿ ಪ್ರಸ್ಥಭೂಮಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಠಾಕರ್ ಮತ್ತು ಸಂಗಡಿಗರು ಮಾಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಯಂತ್ರಗಳಿದ್ದ ಕಡೆ ಬೇಟೆ ಹಕ್ಕಿಗಳು ಹೆಚ್ಚುಕಡಿಮೆ ನಾಲ್ಕು ಪಟ್ಟು ಕಡಿಮೆ. ತಿನ್ನುವವರು ಹೋದ ಮೇಲೆ ಅಲ್ಲಿನ ಹಲ್ಲಿಗಳು ಹೆಚ್ಚಿದವು, ಮನುಷ್ಯರು ಹತ್ತಿರ ಬಂದರೂ ಬೇಗ ಓಡದಂತಾದವು. ಗುಡ್ಡದ ಮೇಲೆ ಸುತ್ತುವ ಒಂದು ಹದ್ದು ಕಾಣೆಯಾದರೆ ಕೆಳಗೆ ಹುಲ್ಲಿನಲ್ಲಿ ಏನೆಲ್ಲ ಬದಲಾಗುತ್ತದೆ ಎಂಬುದು ಇಷ್ಟು ಸ್ಪಷ್ಟವಾಗಿ ದಾಖಲಾಗಿರುವುದು ಅಪರೂಪ.

ನಮ್ಮ ಕಡೆಯವರಿಗೂ ಒಂದು ಮಾತು ಹೇಳಿದೆ. ಫ್ಯಾನು ಬಂದರೆ ಮೋಡ ಚದುರಿ ಮಳೆ ಹೋಗುತ್ತದೆ ಎಂದು ಇಬ್ಬರು ಮೂವರು ಜೋರಾಗಿ ಹೇಳಿದರು. ಇದಕ್ಕೆ ಆಧಾರವಿಲ್ಲ. ಮಳೆಯ ಮೋಡಗಳು ಈ ರೆಕ್ಕೆಗಳಿಗಿಂತ ಎಷ್ಟೋ ಮೇಲಿರುತ್ತವೆ, ಅವುಗಳ ಹಿಂದಿನ ಶಕ್ತಿಯೇ ಬೇರೆ. ಇಂಥದ್ದೊಂದು ಮಾತು ಆಡಿದರೆ ಸಾಕು, ಉಳಿದ ನಿಜವಾದ ಪ್ರಶ್ನೆಗಳನ್ನೆಲ್ಲ ಅದರ ಜೊತೆಗೇ ಗುಡಿಸಿಹಾಕುತ್ತಾರೆ. ದೊಡ್ಡಪ್ಪನಿಗೆ ಬೇಜಾರಾಯಿತು, ಗೊತ್ತು. ಆದರೂ ಹೇಳಲೇಬೇಕಿತ್ತು.

ಗೆದ್ದ ಮೇಲೂ ಸೋಲಬಹುದು ಎನ್ನುವುದಕ್ಕೆ ನಾರ್ವೆಯ ಫೋಸೆನ್ ಇದೆ. ಅಲ್ಲಿ ಗಾಳಿಯಂತ್ರಗಳಿಂದ ಹಿಮಸಾರಂಗ ಮೇಯಿಸುವ ಸಾಮಿ ಜನರ ಹಕ್ಕುಗಳಿಗೆ ಧಕ್ಕೆಯಾಗಿದೆ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2021ರ ಅಕ್ಟೋಬರಿನಲ್ಲಿ ಒಮ್ಮತದಿಂದ ತೀರ್ಪು ಕೊಟ್ಟಿತು. 151 ಯಂತ್ರಗಳು ಅಷ್ಟರಲ್ಲಿ ನಿಂತಾಗಿತ್ತು, ತೀರ್ಪಿನ ನಂತರವೂ ತಿರುಗುತ್ತಲೇ ಇದ್ದವು. ಹಾಗಾಗಿ ಕೇಳಬೇಕಾದ್ದನ್ನೆಲ್ಲ ಈಗಲೇ, ಬುಡದ ಗುಂಡಿ ತೋಡುವ ಮೊದಲೇ ಕೇಳಬೇಕು.

ಇನ್ನೊಂದು ದಾರಿಯೂ ಇದೆ ಎಂದು ಡೆನ್ಮಾರ್ಕಿನ ಸಾಮ್ಸೋ ದ್ವೀಪ ತೋರಿಸಿದೆ. 2000ದಲ್ಲಿ ಅಲ್ಲಿ ನೆಲದ ಮೇಲೆ ನಿಂತ 11 ಯಂತ್ರಗಳು ಅಲ್ಲಿನ ರೈತರದ್ದು, ಜನರ ಸಹಕಾರಿ ಗುಂಪುಗಳದ್ದು. ಎಲ್ಲಿ ನಿಲ್ಲಬೇಕು ಎಂಬ ಮಾತುಕತೆಯಲ್ಲಿ ಅವರಿದ್ದರು, ಲಾಭದಲ್ಲೂ ಇದ್ದಾರೆ. ಹಾಗೆ ಬಂದರೆ ನಾನೂ ಪಾಲು ಹಾಕುತ್ತೇನೆ.

ನಾಳೆ ಮನವಿ ಬರೆಯುವ ಕೆಲಸ ನನ್ನದು. ಬರೆಯಬೇಕಾದ್ದನ್ನು ಇಲ್ಲೇ ಗುರುತು ಹಾಕಿಡುತ್ತೇನೆ. ಮೊದಲ ಮನೆಗೂ ಯಂತ್ರಕ್ಕೂ ಎಷ್ಟು ದೂರ, ಅದನ್ನು ನಕ್ಷೆಯಲ್ಲಿ ಬರೆದು ಕೊಡಿ. ರಾತ್ರಿಯ ಸದ್ದನ್ನು ಯಾರು ಅಳೆಯುತ್ತಾರೆ, ಮಿತಿ ದಾಟಿದರೆ ಯಂತ್ರ ನಿಲ್ಲಿಸುವ ಅಧಿಕಾರ ಯಾರಿಗೆ? ರಸ್ತೆ ಎಲ್ಲಿ ಹಾದುಹೋಗುತ್ತದೆ, ಮಣ್ಣು ಎಲ್ಲಿ ಸುರಿಯುತ್ತೀರಿ? ಮೇಯಿಸುವವರಿಗೆ ಯಾವ ದಾರಿ ಬಿಡುತ್ತೀರಿ? ಸಹಿ ಹಾಕದವರಿಗೆ ಏನು ಪಾಲು? ಇಪ್ಪತ್ತೈದು ವರ್ಷದ ನಂತರ ಯಂತ್ರ ಹಳತಾದಾಗ ಇಳಿಸುವ ಖರ್ಚು ಯಾರದ್ದು, ಆ ಹಣವನ್ನು ಈಗಲೇ ಎಲ್ಲಿ ಇಡುತ್ತೀರಿ? ಕಂಪನಿ ಕೈ ಬದಲಾದರೆ ಈ ಕರಾರಿಗೆ ಹೊಣೆ ಯಾರು?

ಉತ್ತರ ಬರವಣಿಗೆಯಲ್ಲೇ ಬರಬೇಕು, ಊರಿನ ಎಲ್ಲರೂ ಓದುವ ಹಾಗೆ ಕನ್ನಡದಲ್ಲೇ ಬರಬೇಕು. ಅದು ಬರುವವರೆಗೆ ಹೊಸ ಸಹಿ ಬೇಡ ಎಂದು ಇವತ್ತು ಒಪ್ಪಿದ್ದೇವೆ. ಹಿಂದಿನ ಸಾಲಿನಲ್ಲಿದ್ದ ಅವರೂ ಕೈ ಎತ್ತಿದರು.