‘ಆ ಹೆಸರಿನವರು ಇಲ್ಲಿ ಯಾರೂ ಇಲ್ಲ’

ಹೊಸ ಕೆಲಸಕ್ಕೆ ಸೇರಿ ಆಗಿನ್ನೂ ಏಳು ವಾರ. ಸಂಬಳ ಹಳೇ ಕೆಲಸಕ್ಕಿಂತ ಜಾಸ್ತಿ. ಹಾಗಾಗಿ ಹೋಮ್ ಲೋನ್ ಕೇಳಲು ಇದೇ ಸರಿಯಾದ ಹೊತ್ತು ಅಂದುಕೊಂಡಿದ್ದೆ. ನಾವು ನೋಡಿಟ್ಟಿದ್ದ ಮನೆಯ ಮಾಲೀಕರು ಬೇರೆ ‘ಎರಡು ತಿಂಗಳು ಕಾಯ್ತೀನಿ, ಆಮೇಲೆ ಬೇರೆಯವರಿಗೆ ಕೊಡ್ತೀನಿ’ ಅಂದಿದ್ದರು. ಆಫರ್ ಲೆಟರ್, ಬ್ಯಾಂಕ್ ಸ್ಟೇಟ್‌ಮೆಂಟ್, ಜೊತೆಗೆ ಒಂದೂವರೆ ಪೇ ಸ್ಲಿಪ್ ಫೈಲಿಗೆ ಸೇರಿಸಿದೆ. ಒಂದೂವರೆ ಯಾಕೆಂದರೆ, ತಿಂಗಳ ನಡುವೆ ಕೆಲಸಕ್ಕೆ ಸೇರಿದ್ದರಿಂದ ಮೊದಲನೆಯದು ಅರ್ಧ ಸಂಬಳದ್ದು. ಅರ್ಧ ದಿನ ರಜೆ ಹಾಕಿ ಬ್ಯಾಂಕಿಗೆ ಹೋದೆ.

ಸಾಲದ ವಿಭಾಗದ ಮೇಡಂ ನನ್ನ ಸಂಬಳದ ಅಂಕಿ ನೋಡಿ ಹುಬ್ಬೇರಿಸುತ್ತಾರೆ ಅಂತ ಕಾದು ಕೂತಿದ್ದೆ. ಅವರು ಆ ಪುಟವನ್ನು ಸುಮ್ನೆ ಮಗುಚಿ ಹಾಕಿ ಆಫರ್ ಲೆಟರಿನ ಮೂರನೇ ಪುಟಕ್ಕೆ ಹೋದರು.

“ಪ್ರೊಬೇಷನ್ ಆರು ತಿಂಗಳಾ ಸರ್?”

ಹೌದು ಅಂದೆ. ಪ್ರೊಬೇಷನ್ ಮುಗಿಯುವವರೆಗೆ ಯಾವ ಕಡೆಯವರು ಬೇಕಾದರೂ 15 ದಿನದ ನೋಟಿಸ್ ಕೊಟ್ಟು ಬಿಡಬಹುದು ಅಂತ ಆ ಪುಟದಲ್ಲಿತ್ತು. ಸಹಿ ಹಾಕುವಾಗ ಆ ಸಾಲನ್ನು ನಾನು ಓದಿ ಮರೆತಿದ್ದೆ. ಮೇಡಂ ಅದರ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದರು.

“ನಾವು ಕೊಡೋ ಸಾಲ 20 ವರ್ಷದ್ದು. ನಿಮ್ಮ ಕಂಪನಿ ನಿಮಗೆ ಕೊಟ್ಟಿರೋ ಮಾತು 15 ದಿನದ್ದು ಸರ್.”

ಕೊಂಕಿನಿಂದ ಹೇಳಿದ್ದಲ್ಲ. ಆದರೂ ಚುರುಕ್ ಅಂತು. ಹೆಚ್ಚು ದುಡಿಯುವವನಿಗೆ ಸಾಲ ಸಲೀಸು ಅಂದುಕೊಂಡಿದ್ದೆ. ಅವರಿಗೆ ಬೇಕಿದ್ದದ್ದು ಈ ತಿಂಗಳ ಸಂಬಳ ಎಷ್ಟು ಅನ್ನೋದಲ್ಲ, ಇನ್ನು ಎಷ್ಟು ತಿಂಗಳು ಬರುತ್ತೆ ಅನ್ನೋದು. ಅದಕ್ಕೆ ನನ್ನ ಹತ್ತಿರ ಇದ್ದ ಪುರಾವೆ ಒಂದೂವರೆ ಚೀಟಿ.

ಆಮೇಲೆ ಅವರ ಪೆನ್ಸಿಲ್ ಸಂಬಳದ ವಿವರಕ್ಕೆ ಬಂತು. ವರ್ಷದ ಕೊನೆಗೆ ಸಿಗಬಹುದಾದ ಬೋನಸ್ ಹೊಡೆದು ಹಾಕಿದರು. ಕೆಲಸದ ಸಾಧನೆ ನೋಡಿ ಕೊಡುವ ಭಾಗವನ್ನೂ ಹೊಡೆದರು. ಅದು ಒಮ್ಮೆಯೂ ನನ್ನ ಖಾತೆಗೆ ಬಂದಿಲ್ಲವಲ್ಲ. ಉಳಿದದ್ದು ಹಳೇ ಸಂಬಳಕ್ಕಿಂತ ಚೂರೇ ಚೂರು ಮೇಲೆ. ಎರಡು ಕೆಲಸದ ನಡುವೆ 40 ದಿನದ ಬಿಡುವು ಯಾಕೆ ಅಂತ ಕೇಳಿದರು. ಸುಸ್ತಾಗಿತ್ತು, ಮನೆಯಲ್ಲಿದ್ದೆ ಅಂದೆ. ಅದು ನಿಜ. ಆದರೆ ಬ್ಯಾಂಕಿನ ಫಾರಂನಲ್ಲಿ ‘ಸುಸ್ತು’ ಅನ್ನೋದಕ್ಕೆ ಜಾಗ ಇರುವುದಿಲ್ಲ.

ನನ್ನ ಕೈ ಹಿಡಿದದ್ದು ನಾನು ತಾತ್ಸಾರ ಮಾಡಿದ್ದ ಕಾಗದ. ಹಳೇ ಕಂಪನಿಯ ಅನುಭವ ಪತ್ರ. ಐದು ವರ್ಷ, ಇದೇ ಥರದ ಕೆಲಸ. ಒಂದೇ ಕಸುಬಿನಲ್ಲಿ ಕಂಪನಿ ಬದಲಾಯಿಸಿದರೆ ಅಷ್ಟು ತೊಂದರೆಯಿಲ್ಲ, ಕಸುಬೇ ಬದಲಾದರೆ ಕಷ್ಟ ಅಂದರು. ಜೊತೆಗೆ ಹೆಂಡತಿಯನ್ನು ಸಹ ಅರ್ಜಿದಾರಳಾಗಿ ಸೇರಿಸಿ ಅಂತ ಸಲಹೆ ಕೊಟ್ಟರು. ಅವಳ ಸಂಬಳ ನನ್ನದಕ್ಕಿಂತ ಕಡಿಮೆ, ಆದರೆ ಎಂಟು ವರ್ಷದಿಂದ ಒಂದೇ ಕಡೆ ಕೆಲಸ. ಕೊನೆಗೆ ಅರ್ಜಿಯಲ್ಲಿ ಮೊದಲ ಹೆಸರು ಅವಳದಾಯಿತು, ಎರಡನೆಯದು ನನ್ನದು. ಈಗಲೂ ಅವಳು ಇದನ್ನು ಆಗಾಗ ನೆನಪಿಸುತ್ತಿರುತ್ತಾಳೆ.

ಗೆಳೆಯನೊಬ್ಬ ಮಾತ್ರ ಬೇರೆಯದನ್ನೇ ಹೇಳುತ್ತಿದ್ದ. “ಒಂದೇ ಕಡೆ ಯಾಕೆ? ನಾಲ್ಕು ಬ್ಯಾಂಕಿಗೆ ಹಾಕು, ಯಾರಾದ್ರೂ ಕೊಡ್ತಾರೆ.” ಮೇಡಂನ ಕೇಳಿದೆ. ಪ್ರತಿ ಅರ್ಜಿಗೂ ನಿಮ್ಮ ಕ್ರೆಡಿಟ್ ವರದಿ (ಸಾಲ ತಗೊಂಡು ತೀರಿಸಿದ್ದರ ದಾಖಲೆ) ತೆಗೆದು ನೋಡುತ್ತಾರೆ, ನೋಡಿದ್ದು ಆ ವರದಿಯಲ್ಲೇ ದಾಖಲಾಗುತ್ತೆ, ಸಾಲಕ್ಕಾಗಿ ಕಂಡಕಂಡ ಕಡೆ ಅಲೀತಿದ್ದಾರೆ ಅಂತ ಕಾಣುತ್ತೆ ಅಂದರು. ಹೊಸ ಮನೆಗೆ ಅಂತ ಫ್ರಿಜ್ಜನ್ನು ಕಂತಿನಲ್ಲಿ ತೆಗೆದುಕೊಳ್ಳುವ ಯೋಚನೆ ಇತ್ತು. ಅದನ್ನೂ ಅಲ್ಲಿಗೇ ಬಿಟ್ಟೆ.

ಅವತ್ತು ರಾತ್ರಿ ಲೆಕ್ಕ ಹಾಕಲು ಕೂತೆವು. ಬಡ್ಡಿ ವರ್ಷಕ್ಕೆ 8%, ಅವಧಿ 20 ವರ್ಷ ಅಂತ ಇಟ್ಟುಕೊಂಡರೆ ತೀರಿಸುವ ಹೊತ್ತಿಗೆ ಕಟ್ಟುವುದು ಹತ್ತಿರಹತ್ತಿರ ಸಾಲದ ಎರಡರಷ್ಟು. ಅದಕ್ಕಿಂತ ತಲೆ ಕೆಟ್ಟದ್ದು ಮೊದಲ ಕಂತಿನ ಲೆಕ್ಕಕ್ಕೆ. ಅದರ ಐದು ಪಾಲಿನಲ್ಲಿ ನಾಲ್ಕು ಪಾಲು ಬಡ್ಡಿಗೇ ಹೋಗುತ್ತೆ. ಅಸಲು ಕರಗುವುದು ಒಂದೇ ಪಾಲು. ಹೆಂಡತಿ ಕ್ಯಾಲ್ಕುಲೇಟರ್ ಕಿತ್ತುಕೊಂಡು ಇನ್ನೊಮ್ಮೆ ಒತ್ತಿದಳು. ಉತ್ತರ ಅದೇ.

ಇದಾಗಿ ನಾಲ್ಕನೇ ದಿನ ಆಫೀಸಿನ ಮೀಟಿಂಗ್ ನಡುವೆ ಫೋನ್ ಬಂತು. ಬ್ಯಾಂಕಿನ ಪರವಾಗಿ ವೆರಿಫಿಕೇಷನ್ ಮಾಡುವ ಹುಡುಗ.

“ಸರ್, ನೀವು ಅಲ್ಲಿ ಕೆಲಸ ಮಾಡ್ತಿರೋದು ನಿಜ ತಾನೇ?”

“ಹೌದಪ್ಪ, ಅಲ್ಲೇ ಕೂತಿದ್ದೀನಿ.”

“ರಿಸೆಪ್ಷನ್‌ಗೆ ಫೋನ್ ಮಾಡಿದ್ದೆ ಸರ್. ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಅಂದ್ರು.”

ಮೈ ಬೆವರಿತು. ಕುತ್ತಿಗೆಯಲ್ಲಿದ್ದ ಐಡಿ ಕಾರ್ಡನ್ನು ನಾನೇ ಒಂದು ಸಲ ತಿರುಗಿಸಿ ನೋಡಿಕೊಂಡೆ. ಕೆಳಗೆ ಓಡಿ ರಿಸೆಪ್ಷನಿನ ಹುಡುಗಿಯನ್ನು ಕೇಳಿದರೆ, ಪಾಪ, ಅವಳದೇನೂ ತಪ್ಪಿಲ್ಲ. ಅವಳ ಹತ್ತಿರ ಇದ್ದ ಎಕ್ಸ್‌ಟೆನ್ಷನ್ ನಂಬರುಗಳ ಪಟ್ಟಿ ಹೋದ ವರ್ಷದ್ದು. ನಾನು ಬಂದದ್ದು ಈ ವರ್ಷ.

ಆಗ ಎಚ್‌ಆರ್ ಹತ್ತಿರ ಹೋಗಲೇಬೇಕಾಯಿತು. ಅಲ್ಲಿಯವರೆಗೆ ಅದನ್ನೇ ತಪ್ಪಿಸಿಕೊಂಡು ಓಡಾಡುತ್ತಿದ್ದೆ. ಬಂದು ಎರಡು ತಿಂಗಳಾಗಿಲ್ಲ, ಆಗಲೇ ‘ನಾನು ಇಲ್ಲೇ ಇರ್ತೀನಿ ಅಂತ ಬರೆದುಕೊಡಿ’ ಅಂತ ಹೇಗೆ ಕೇಳುವುದು? ಎಚ್‌ಆರ್ ಮೇಡಂ ನಕ್ಕರು. “ಸಾಲ ತಗೊಂಡವ್ರು ಅಷ್ಟು ಬೇಗ ಕೆಲಸ ಬಿಡಲ್ಲ. ನಮಗೆ ಒಳ್ಳೇದೇ ಅಲ್ವಾ?” ಸೇರಿದ ದಿನ, ಹುದ್ದೆ, ಸಂಬಳ ಬರೆದು, ಇದು ಕಾಯಂ ಹುದ್ದೆ, ಸದ್ಯ ಪ್ರೊಬೇಷನ್ ಅವಧಿ ಅಂತ ಸೇರಿಸಿ ಸಹಿ ಹಾಕಿ ಕೊಟ್ಟರು. ಪ್ರೊಬೇಷನ್ ವಿಷಯ ಬಿಟ್ಟುಬಿಡಿ ಅಂತ ಕೇಳೋಣ ಅನ್ನಿಸಿದ್ದು ನಿಜ. ಕೇಳಲಿಲ್ಲ. ಬಚ್ಚಿಟ್ಟು ಆಮೇಲೆ ಸಿಕ್ಕಿಬಿದ್ದರೆ ಮನೆಯೂ ಇಲ್ಲ, ಮರ್ಯಾದೆಯೂ ಇಲ್ಲ.

ಮೂರು ವಾರಕ್ಕೆ ಸಾಲ ಮಂಜೂರಾಯಿತು, ಕೇಳಿದ್ದಕ್ಕಿಂತ ಐದನೇ ಒಂದು ಪಾಲು ಕಮ್ಮಿ. ಹೆಂಡತಿಯ ಸಂಬಳ ಪೂರ್ತಿ ಲೆಕ್ಕಕ್ಕೆ ಬಂದಿತ್ತು, ನನ್ನದು ಅರ್ಧ. ಉಳಿದದ್ದಕ್ಕೆ ಉಳಿತಾಯ ಒಡೆದೆವು. ಮಂಜೂರಾತಿ ಪತ್ರದ ಕೊನೆಯಲ್ಲಿ ಇನ್ನೊಂದು ಷರತ್ತಿತ್ತು. ಹಣ ಬಿಡುಗಡೆ ಮಾಡುವ ಮುಂಚೆ ಕೆಲಸದ ವಿಚಾರಣೆ ಮತ್ತೊಮ್ಮೆ ನಡೆಯುತ್ತದೆ.

ಆ ಫೋನ್ ಮುಂದಿನ ವಾರ ಬರಬೇಕು. ನಿನ್ನೆ ರಿಸೆಪ್ಷನ್‌ಗೆ ಹೋಗಿ ನೋಡಿ ಬಂದೆ. ಹೊಸ ಪಟ್ಟಿ ಬಂದಿದೆ, ನನ್ನ ಹೆಸರೂ ಇದೆ. ಒಂದು ಅಕ್ಷರ ತಪ್ಪಾಗಿದೆ.