ಅಪ್ಪನ ಗ್ರೀಸು, ನನ್ನ ಕರಿ ಪುಡಿ

ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ನಮ್ಮಪ್ಪನದು ಲಾರಿ ಗ್ಯಾರೇಜು. ಚಿಕ್ಕವಳಿದ್ದಾಗ ಶಾಲೆ ಬಿಟ್ಟ ಮೇಲೆ ಅಲ್ಲೇ ಕೂತು ಹೋಂವರ್ಕ್ ಬರೆಯುತ್ತಿದ್ದೆ. ಈಗ ರಸಾಯನಶಾಸ್ತ್ರದಲ್ಲಿ ಪಿಎಚ್‌.ಡಿ ಮಾಡುತ್ತಿದ್ದೇನೆ. ಮೊನ್ನೆ ಊಟಕ್ಕೆ ಕೂತಾಗ ಅಪ್ಪ ನನ್ನ ಉಗುರು ನೋಡಿ ಕೇಳಿದರು, "ಇದೇನವ್ವಾ, ನೀನೂ ಗ್ರೀಸ್ ಕೆಲಸಾನೇ ಮಾಡ್ತೀಯಾ?"

ಹೌದು ಅಂದೆ. ಅದು ನಿಜವೇ. ಭಾರ ಹೊರುವ ಜಾಯಿಂಟುಗಳಿಗೆ ಅಪ್ಪ ಹಾಕುವ ಕರಿ ಗ್ರೀಸಿನಲ್ಲಿ ಮಾಲಿಬ್ಡಿನಮ್ ಡೈಸಲ್ಫೈಡ್ ಇರುತ್ತದೆ. ನೀರಿನಿಂದ ಹೈಡ್ರೋಜನ್ ತೆಗೆಯಲು ನಾನು ಮಾಡುವ ಪುಡಿಯೂ ಅದೇ.

ಇಸ್ಪೀಟಿನ ಕಟ್ಟು ನೆನಪಿಸಿಕೊಳ್ಳಿ. ಈ ವಸ್ತುವೂ ಹಾಗೇ, ಎಲೆ ಮೇಲೆ ಎಲೆ. ಒಂದೊಂದು ಎಲೆಯ ದಪ್ಪ ಮೂರೇ ಪರಮಾಣು: ಮೇಲೆ ಕೆಳಗೆ ಗಂಧಕ, ನಡುವೆ ಮಾಲಿಬ್ಡಿನಮ್. ಎಲೆಗಳ ನಡುವಿನ ಹಿಡಿತ ಸಡಿಲ, ಅದಕ್ಕೇ ಜಾರುತ್ತವೆ. ಗ್ರೀಸಿಗೆ ಆ ಜಾರುವ ಮೈ ಬೇಕು. ನನಗೆ ಬೇಕಾದ್ದು ಅಂಚು.

ನೀರನ್ನು ಕರೆಂಟಿನಿಂದ ಒಡೆಯಲು ಲೆಕ್ಕದ ಪ್ರಕಾರ 1.23 ವೋಲ್ಟ್ ಸಾಕು. ಆದರೆ ಯಾವಾಗಲೂ ಅದಕ್ಕಿಂತ ಜಾಸ್ತಿ ಕೊಡಬೇಕಾಗುತ್ತದೆ. ಆ ಹೆಚ್ಚುವರಿ ಹೊರೆ ಇಳಿಸುವುದೇ ವೇಗವರ್ಧಕದ ಕೆಲಸ. ಹೈಡ್ರೋಜನ್ ಕಡೆಗೆ ಪ್ಲಾಟಿನಂ ಎಲ್ಲಕ್ಕಿಂತ ಚೆನ್ನಾಗಿ ದುಡಿಯುತ್ತದೆ. ಅದು ಹೈಡ್ರೋಜನ್ನನ್ನು ತೀರಾ ಬಿಗಿಯಾಗಿ ಹಿಡಿಯುವುದಿಲ್ಲ, ತೀರಾ ಸಡಿಲವಾಗಿಯೂ ಅಲ್ಲ. ಬೆಲೆಯೇ ಕಷ್ಟ. 2005ರಲ್ಲಿ ಡೆನ್ಮಾರ್ಕಿನವರು ಲೆಕ್ಕ ಹಾಕಿ, ಈ ಕರಿ ವಸ್ತುವಿನ ಅಂಚೂ ಸುಮಾರು ಹಾಗೇ ಹಿಡಿಯುತ್ತದೆ ಅಂದರು. 2007ರಲ್ಲಿ ಪ್ರಯೋಗದಲ್ಲೂ ಕಂಡಿತು: ಹೈಡ್ರೋಜನ್ ಹುಟ್ಟುವ ವೇಗ ಅಂಚಿನ ಉದ್ದದ ಜೊತೆ ಏರುತ್ತದೆ, ಮೈಯ ಅಗಲದ ಜೊತೆ ಅಲ್ಲ. ಅಗಲವಾದ ಮೈ ಸುಮ್ನೆ ಇರುತ್ತದೆ. ಎಲೆಯನ್ನು ನ್ಯಾನೋ ಅಳತೆಗೆ ಚಿಕ್ಕದು ಮಾಡುವುದು ಅಂಚು ಹೆಚ್ಚಲಿ ಅಂತಲೇ.

ನಾನು ಮಾಡುವ ರೀತಿ ಸರಳ. ಸೋಡಿಯಂ ಮಾಲಿಬ್ಡೇಟು, ಥಯೋಯೂರಿಯಾ, ನೀರು. ಟೆಫ್ಲಾನ್ ಒಳಪದರದ ಸ್ಟೀಲ್ ಡಬ್ಬಿಗೆ ಹಾಕಿ, ಬಿಗಿಯಾಗಿ ಮುಚ್ಚಿ, ಓವನ್ನಿನಲ್ಲಿ 200 ಡಿಗ್ರಿಗೆ 24 ಗಂಟೆ. ಪೂರ್ತಿ ಆರಿದ ಮೇಲೆ ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆಯ ವಾಸನೆ. ಆ ಗಾಳಿ ವಿಷ, ಗಾಳಿಯನ್ನು ಹೊರಗೆ ಎಳೆದು ಬಿಡುವ ಗೂಡು, ಅಂದರೆ ಹುಡ್ ಒಳಗೇ ತೆಗೆಯಬೇಕು.

ಕಳೆದ ವರ್ಷ ನನ್ನ ಪುಡಿ 230 ಮಿಲಿವೋಲ್ಟ್ ಹೆಚ್ಚುವರಿ ಕೇಳುತ್ತಿತ್ತು. ಒಂದು ರಾತ್ರಿಯಿಡೀ ಓಡಿಸಿ ಬೆಳಿಗ್ಗೆ ನೋಡಿದರೆ 80! ನಾಲ್ಕು ದಿನ ಕುಣಿದಾಡಿದೆ. ಅಪ್ಪ ಗ್ಯಾರೇಜಿನ ಹುಡುಗರಿಗೆಲ್ಲ ಬೆಣ್ಣೆ ದೋಸೆ ತರಿಸಿದರು. ಆಮೇಲೆ ನಮ್ಮ ಮೇಡಂ ಒಂದೇ ಪ್ರಶ್ನೆ ಕೇಳಿದರು, "ಎದುರಿಗೆ ಯಾವ ಕಡ್ಡಿ ಇಟ್ಟಿದ್ದೆ?" ಕರೆಂಟು ಹರಿಯಲು ಪುಡಿಯ ಎದುರಿಗೆ ಇನ್ನೊಂದು ಕಡ್ಡಿ ಬೇಕು. ನಾನು ಇಟ್ಟದ್ದು ಪ್ಲಾಟಿನಂ ತಂತಿ. ನೀರಿಗೆ ಬೆರೆಸಿದ್ದ ಆಮ್ಲದಲ್ಲಿ ಅದು ಚೂರುಚೂರೇ ಕರಗಿ, ನನ್ನ ಕರಿ ಪುಡಿಯ ಮೇಲೆ ಬಂದು ಕೂತಿತ್ತು. ದುಡಿದದ್ದು ಅದು. ಗ್ರಾಫೈಟ್ ಕಡ್ಡಿ ಇಟ್ಟು, ಹೊಸ ಪುಡಿಯಿಂದ ಮತ್ತೆ ಅಳೆದೆ. ರಾತ್ರಿಯಿಡೀ ಓಡಿಸಿದರೂ 225ರ ಆಸುಪಾಸೇ. ಅವತ್ತು ಬಹಳ ಅತ್ತೆ. ಆದರೆ ಆ 225 ನನ್ನದು. ಅದನ್ನು ಯಾರ ಮುಂದೆ ಬೇಕಾದರೂ ಇಡಬಲ್ಲೆ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಅಗ್ಗದ ವಸ್ತುವನ್ನು ಅಳೆಯುವಾಗ ಪಾತ್ರೆಯಲ್ಲಿ ದುಬಾರಿ ವಸ್ತು ಇರಬಾರದು.

ಚಿತ್ರದುರ್ಗದ ಕಡೆ ಬಸ್ಸಿನಲ್ಲಿ ಹೋಗುವಾಗ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡುತ್ತೇನೆ. ಗಾಳಿ ಜೋರಿದ್ದಾಗ ಹುಟ್ಟುವ ಹೆಚ್ಚಿನ ಕರೆಂಟನ್ನು ಹೈಡ್ರೋಜನ್ ಮಾಡಿ ಇಡಬಹುದು. 1 ಕೆಜಿ ಹೈಡ್ರೋಜನ್ನಿಗೆ ಕನಿಷ್ಠ 9 ಲೀಟರ್ ನೀರು ಬೇಕು. ನಮ್ಮಂಥ ಬರದ ಸೀಮೆಯಲ್ಲಿ ಆ ಲೆಕ್ಕವನ್ನೂ ಮರೆಯುವಂತಿಲ್ಲ.

ಈಗ ಪುಡಿ ಬಿಟ್ಟು, ಇಂಗಾಲದ ಬಟ್ಟೆಯ ಮೇಲೆ ಎಲೆಗಳನ್ನು ನೆಟ್ಟಗೆ ನಿಲ್ಲಿಸಿ ಬೆಳೆಸಲು ನೋಡುತ್ತಿದ್ದೇನೆ, ಅಂಚುಗಳೆಲ್ಲ ನೀರಿನ ಕಡೆಗೆ ಬರಲಿ ಅಂತ. ಸಂಜೆ ಡಬ್ಬಿ ಓವನ್ನಿಗೆ ಇಟ್ಟು ಬಂದೆ. "ಎಷ್ಟೊತ್ತಿಗೆ ತೆಗೀತೀಯವ್ವಾ?" ಅಂತ ಅಪ್ಪ ಎರಡು ಸಲ ಕೇಳಿದ್ದಾರೆ.