ನೆಲದಡಿ ತುಂಬಿಟ್ಟ ಗ್ಯಾಸ್ ಸಿಡಿಯಲ್ವಾ?

ಮಂಗಳೂರು, ಪಾದೂರಿನ ಬಂಡೆಯೊಳಗೆ ಕಚ್ಚಾ ತೈಲ ಇಟ್ಟಿರುವ ಸುದ್ದಿ ಬಂದಾಗಲೆಲ್ಲ ಯಾರಾದರೂ ಕೇಳುತ್ತಾರೆ: "ಹೊರದೇಶಗಳಲ್ಲಿ ಗ್ಯಾಸನ್ನೂ ಹೀಗೇ ನೆಲದಡಿ ತುಂಬಿಡ್ತಾರಂತೆ. ಒಂದಿನ ಢಂ ಅಂದ್ರೆ?"

ನೆಲದ ಬಗ್ಗೆ ನನಗೆ ಅಷ್ಟು ಭಯವಿಲ್ಲ. ಹಳೇ ಕೊಳವೆಗಳ ಬಗ್ಗೆ ಇದೆ.

ಹೆಚ್ಚಿನ ಕಡೆ ಕೆಳಗೆ ಗುಹೆಯೇನೂ ಇರುವುದಿಲ್ಲ. ಎಣ್ಣೆ, ಗ್ಯಾಸ್ ತೆಗೆದು ಬರಿದಾದ ಮರಳುಗಲ್ಲಿಗೇ ಮತ್ತೆ ಗ್ಯಾಸ್ ಒತ್ತುತ್ತಾರೆ. ಗೋಡೆ ಕಟ್ಟುವ ಮುಂಚೆ ನೆನೆಹಾಕಿದ ಇಟ್ಟಿಗೆ ನೀರು ಕುಡಿಯುತ್ತದಲ್ಲ, ಹಾಗೆ ಆ ಕಲ್ಲು ಗ್ಯಾಸನ್ನು ಹಿಡಿದಿಡುತ್ತದೆ. ಮೇಲೆ ಗಟ್ಟಿ ಪದರವೊಂದು ಮುಚ್ಚಳದ ಹಾಗೆ ಕೂತಿರುತ್ತದೆ. ಒಳಗೆ ಗಾಳಿ ಇಲ್ಲ, ಹಾಗಾಗಿ ಅಲ್ಲಿ ಬೆಂಕಿ ಹತ್ತುವುದಿಲ್ಲ.

ತೊಂದರೆ ಇರುವುದು ಆ ಮುಚ್ಚಳ ತೂತು ಮಾಡಿ ಇಳಿಸಿದ ಬಾವಿಗಳಲ್ಲಿ. ಅಮೆರಿಕದ ಲಾಸ್ ಏಂಜಲೀಸ್ ಹತ್ತಿರ, ಅಲಿಸೊ ಕ್ಯಾನ್ಯನ್ ಅನ್ನುವ ಗ್ಯಾಸ್ ಸಂಗ್ರಹದ ಜಾಗದಲ್ಲಿ ಆದದ್ದು ಅದೇ. ಎಸ್‌ಎಸ್-25 ಅನ್ನುವ ಬಾವಿ 1950ರ ದಶಕದಲ್ಲಿ ಎಣ್ಣೆಗೆಂದು ಕೊರೆದದ್ದು, ಆಮೇಲೆ ಗ್ಯಾಸ್ ತುಂಬಿ ತೆಗೆಯಲು ಬಳಸಿದರು. ಅದರ ಆಳದಲ್ಲಿದ್ದ ಸೇಫ್ಟಿ ವಾಲ್ವನ್ನು 1979ರಲ್ಲಿ ತೆಗೆದರು, ಬದಲಿ ಹಾಕಲಿಲ್ಲ. ಏಳು ಇಂಚಿನ ಉಕ್ಕಿನ ಹೊರಕೊಳವೆಗೆ ಅಂತರ್ಜಲ ತಾಗಿ, ಸೂಕ್ಷ್ಮಜೀವಿಗಳೂ ಸೇರಿ, ತುಕ್ಕು ತಿನ್ನುತ್ತಾ ಬಂತು. 2015ರ ಅಕ್ಟೋಬರ್‌ನಲ್ಲಿ, ನೆಲದಿಂದ ಸುಮಾರು 890 ಅಡಿ ಕೆಳಗೆ, ಅದು ಸೀಳಿತು. ಗ್ಯಾಸ್ ಒಳಕೊಳವೆಯಲ್ಲೂ ಅದರ ಸುತ್ತಲೂ ಹರಿಯುತ್ತಿತ್ತು, ತಡೆಯಲು ಇನ್ನೊಂದು ಗೋಡೆಯೇ ಇರಲಿಲ್ಲ. ಮೇಲಿಂದ ಮುಚ್ಚಲು ಮತ್ತೆ ಮತ್ತೆ ನೋಡಿದರು, ಆಗಲಿಲ್ಲ. ಕೊನೆಗೆ ಪಕ್ಕದಲ್ಲಿ ಇನ್ನೊಂದು ಬಾವಿ ಕೊರೆದು, ಆಳದಲ್ಲಿ ಅದನ್ನು ಸೇರಿ, 2016ರ ಫೆಬ್ರವರಿಯಲ್ಲಿ ನಿಲ್ಲಿಸಿದರು.

ಸ್ಫೋಟ ಆಗಲಿಲ್ಲ. ಆದರೂ ಪಕ್ಕದ ಪೋರ್ಟರ್ ರಾಂಚ್‌ನ ಸಾವಿರಾರು ಕುಟುಂಬಗಳು ಮನೆ ಬಿಟ್ಟವು. ತಲೆನೋವು, ಮೂಗಿನಲ್ಲಿ ರಕ್ತ. ನಮ್ಮ ಸಿಲಿಂಡರ್ ಸೋರಿದಾಗ ಬರುವ ಜಾತಿಯದೇ ವಾಸನೆ, ತಿಂಗಳುಗಟ್ಟಲೆ. ಒಂದು ನಿಮಿಷ ಬಂದರೇ ನಾವು ಕಿಟಕಿ ತೆರೆಯಲು ಓಡುತ್ತೇವೆ, ಅಲ್ವಾ?

ಕಾಣದ ಹಾನಿ ಇನ್ನೂ ಜಾಸ್ತಿ. ಆ ಗ್ಯಾಸ್ ಬಹುಪಾಲು ಮೀಥೇನ್, ಅದು ಸುಮಾರು 1 ಲಕ್ಷ ಟನ್ ಗಾಳಿಗೆ ಸೇರಿತು. 20 ವರ್ಷದ ಲೆಕ್ಕದಲ್ಲಿ ಅದು ಕಾರ್ಬನ್ ಡೈಆಕ್ಸೈಡ್‌ಗಿಂತ 80 ಪಟ್ಟಿಗೂ ಹೆಚ್ಚು ಬಿಸಿ ಹಿಡಿದಿಡುತ್ತದೆ. ಬರಿಗಣ್ಣಿಗೆ ಗುಡ್ಡ ಸುಮ್ನೆ ಗುಡ್ಡದ ಹಾಗೇ ಇತ್ತು. ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ ನೋಡಿದಾಗ ಗ್ಯಾಸ್ ದಟ್ಟ ಹೊಗೆಯಂತೆ ಏಳುತ್ತಿತ್ತು.

ಹಾಗಾದರೆ ಇಂಥ ಸಂಗ್ರಹವೇ ಬೇಡವಾ? ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಅಲ್ಲಿನವರಿಗೆ ಬೇಕು, ಒಪ್ಪುತ್ತೇನೆ. ಆದರೆ ಹಳೇ ಎಣ್ಣೆ ಬಾವಿಗೆ ಗ್ಯಾಸ್ ಬಿಡುವವರು ಕೊಳವೆ ಎಷ್ಟು ಸವೆದಿದೆ ಎಂದು ಅಳೆಯಲೇಬೇಕು. ಅಲಿಸೊ ಕ್ಯಾನ್ಯನ್‌ನಲ್ಲಿ 1988ರಲ್ಲೇ ಪರೀಕ್ಷಿಸಬೇಕಾದ 20 ಬಾವಿಗಳ ಪಟ್ಟಿ ಮಾಡಿದ್ದರು. ಏಳನ್ನು ನೋಡಿದರು. ಎಸ್‌ಎಸ್-25 ಪಟ್ಟಿಯಲ್ಲಿತ್ತು, ಅದರ ಸರದಿ ಬರಲೇ ಇಲ್ಲ.